ನಡುಗುವ ಕೈ, ನಡುಗದ ಶ್ರದ್ಧೆ

ನಡುಗುವ ಕೈಯನ್ನು ಕಂಡೊಡನೆ ನೋಡುವವರ ಮನಸ್ಸು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟುಬಿಡುತ್ತದೆ. ಮುಪ್ಪು ಎಂದು ಒಬ್ಬರು, ಅಂಜುಬುರುಕುತನ ಎಂದು ಇನ್ನೊಬ್ಬರು, ಕುಡಿತದ ಫಲ ಎಂದು ಮತ್ತೊಬ್ಬರು ನಿರ್ಣಯಿಸುತ್ತಾರೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಶ್ರಾವಕತ್ವದ ಮೊದಲ ಮೆಟ್ಟಿಲೆಂದು ಎಣಿಸುವ ನಮ್ಮ ಸಮಾಜದಲ್ಲಿ ಈ ಮೂರನೆಯ ತೀರ್ಪಿನಷ್ಟು ನೋಯಿಸುವುದು ಬೇರೊಂದಿಲ್ಲ. ರೋಗವು ದೇಹವನ್ನು ನಡುಗಿಸುತ್ತದೆ. ಇಂತಹ ಮಾತು ಮನುಷ್ಯನನ್ನು ಬಸದಿಯ ಹೊಸ್ತಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ.

ಈ ವಿಷಯವನ್ನು ನಾನು ಪುಸ್ತಕದಿಂದ ಮಾತ್ರ ಅರಿತವನಲ್ಲ. ನನ್ನ ಅಣ್ಣನಿಗೆ ಐವತ್ತರ ವಯಸ್ಸಿನಲ್ಲಿ ಬಲಗೈ ನಡುಕ ಆರಂಭವಾಯಿತು. ನಮ್ಮ ತಂದೆಯವರಿಗೂ ಅದೇ ಇತ್ತು. ಜವಳಿ ಅಂಗಡಿಯ ಲೆಕ್ಕವನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಅಣ್ಣನ ಅಕ್ಷರ ಮೊದಲು ಅಲುಗಾಡಿತು. ಅನಂತರ ಸಹಿ ಹೊಂದುವುದಿಲ್ಲವೆಂದು ಒಂದು ಬ್ಯಾಂಕು ಚೆಕ್ಕನ್ನು ಹಿಂದಿರುಗಿಸಿತು. ಊಟಕ್ಕೆ ಕುಳಿತರೆ ಸಾರು ತಟ್ಟೆಯಿಂದ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಮದುವೆ ಮನೆಗಳಿಗೆ ಹೋಗುವುದನ್ನು ಆತ ಬಿಟ್ಟ. ಕೊನೆಗೆ ಪರ್ವದ ದಿನಗಳಲ್ಲಿ ಅಭಿಷೇಕದ ಕಲಶ ಹಿಡಿಯುವುದನ್ನೂ ಬಿಟ್ಟ. ‘ಭಗವಂತನ ಮುಂದೆ ನಡುಗಿದರೆ ನನಗೆ ನಾಚಿಕೆಯಿಲ್ಲ, ತಮ್ಮಾ, ಹಿಂದೆ ನಿಂತವರು ಪಿಸುಗುಟ್ಟುವುದು ಕೇಳಿಸುತ್ತದೆ’ ಎಂದು ಅವನು ಹೇಳಿದ ಮಾತು ಈ ಲೇಖನಕ್ಕೆ ಪ್ರೇರಣೆ.

ಮೊದಲಿಗೆ ರೋಗದ ಸ್ವರೂಪವನ್ನು ತಿಳಿಯೋಣ. ಕೈನಡುಕವೆಲ್ಲ ಒಂದೇ ರೋಗವಲ್ಲ. ಇವುಗಳಲ್ಲಿ ಮುಖ್ಯವಾದವು ಎರಡು. ಒಂದು, ವೈದ್ಯರು ಎಸೆನ್ಷಿಯಲ್ ಟ್ರೆಮರ್ ಎಂದು ಕರೆಯುವ ನಡುಕ. ಇಲ್ಲಿ ಕೈ ತೊಡೆಯ ಮೇಲೆ ಸುಮ್ಮನಿರುವಾಗ ಶಾಂತವಾಗಿದ್ದು, ಲೋಟ ಎತ್ತುವಾಗ, ಬರೆಯುವಾಗ, ದೀಪ ಹಚ್ಚುವಾಗ ನಡುಗುತ್ತದೆ. ಕೆಲವರಲ್ಲಿ ತಲೆಯೂ ಧ್ವನಿಯೂ ಕಂಪಿಸುತ್ತವೆ. ಅರ್ಧಕ್ಕೂ ಹೆಚ್ಚು ರೋಗಿಗಳ ಕುಟುಂಬದಲ್ಲಿ ಇದು ಹಿಂದಿನವರಿಗೂ ಇರುತ್ತದೆ. 65 ವರ್ಷ ದಾಟಿದವರಲ್ಲಿ ನೂರಕ್ಕೆ ನಾಲ್ಕೈದು ಮಂದಿಗೆ ಇದು ಇರುವುದೆಂದು ಅಂದಾಜು. ಇನ್ನೊಂದು ಪಾರ್ಕಿನ್ಸನ್ ಕಾಯಿಲೆ. ಇಲ್ಲಿ ಕೈ ವಿಶ್ರಾಂತಿಯಲ್ಲಿರುವಾಗಲೇ ಸೆಕೆಂಡಿಗೆ ನಾಲ್ಕರಿಂದ ಆರು ಬಾರಿ ನಡುಗುತ್ತದೆ. ಜೊತೆಗೆ ನಡೆ ನಿಧಾನವಾಗುತ್ತದೆ, ಅಂಗಗಳು ಬಿಗಿಯುತ್ತವೆ, ಅಕ್ಷರ ಚಿಕ್ಕದಾಗುತ್ತ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರು ಈ ಕಾಯಿಲೆಯಿಂದ ಬಳಲುತ್ತಿದ್ದರು. ಅಣ್ಣನದು ಮೊದಲನೆಯ ಬಗೆಯದು.

ಆಯುರ್ವೇದವು ಕಂಪವಾತವೆಂಬ ಹೆಸರಿನಿಂದ ಇಂತಹ ರೋಗವನ್ನು ಗುರುತಿಸಿದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯ ಲಕ್ಷಣಗಳನ್ನು ಬರೆದಿಟ್ಟಾಗ ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಿ ಕಂಡಿದ್ದನಷ್ಟೆ. ಅದರ ಮೂಲ ತಿಳಿಯಲು ಮತ್ತೆ ಒಂದೂವರೆ ಶತಮಾನ ಹಿಡಿಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ನಮ್ಮ ಸರ್ಪಗಂಧಿಯಿಂದ ತೆಗೆದ ರೆಸರ್ಪಿನ್ ಕೊಟ್ಟು ಅವು ಚಲನೆಯಿಲ್ಲದೆ ಬೀಳುವುದನ್ನೂ, ಲೀವೊಡೋಪಾ ಸಂಬಂಧದ ದ್ರವ್ಯವನ್ನು ಕೊಟ್ಟಾಗ ಮತ್ತೆ ಏಳುವುದನ್ನೂ ಕಂಡರು. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯ ಚಲನೆಗೆ ಅವಶ್ಯವೆಂಬುದು ಇದರಿಂದ ತಿಳಿಯಿತು. 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಇತ್ತ ವಿಯೆನ್ನಾದ ಓಲೆ ಹಾರ್ನಿಕೀವಿಚ್ 1960ರಲ್ಲಿ ಮೃತರಾದ ಪಾರ್ಕಿನ್ಸನ್ ರೋಗಿಗಳ ಮಿದುಳನ್ನು ಪರೀಕ್ಷಿಸಿ, ಡೋಪಮೈನ್ ಬತ್ತಿಹೋಗಿರುವುದನ್ನು ತೋರಿಸಿದರು. ಮರುವರ್ಷವೇ ರೋಗಿಗಳಿಗೆ ಲೀವೊಡೋಪಾ ಕೊಡಲಾಯಿತು. ಅದು ಇಂದಿಗೂ ಆ ಕಾಯಿಲೆಯ ಮುಖ್ಯ ಔಷಧ. ನಮ್ಮ ಹೊಲದ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಇದೇ ದ್ರವ್ಯವಿದೆಯೆಂದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲಿಯೇ ತೋರಿಸಿದ್ದರು. ಹಾಗೆಂದು ಬೀಜವನ್ನು ಅಳತೆಯಿಲ್ಲದೆ ಅರೆದು ಕುಡಿಯುವುದು ಸಲ್ಲದು. ಔಷಧಕ್ಕೂ ಅಪಾಯಕ್ಕೂ ಪ್ರಮಾಣವೇ ಗಡಿ.

ಎಸೆನ್ಷಿಯಲ್ ಟ್ರೆಮರ್‌ನ ಕಥೆ ಬೇರೆ. ಅಲ್ಲಿ ಡೋಪಮೈನಿನ ಕೊರತೆಯಿಲ್ಲ. ಕಿರುಮೆದುಳು, ಥಲಾಮಸ್, ಮೇಲ್ಮೆದುಳು ಇವುಗಳ ನಡುವೆ ಸುತ್ತುವ ಸಂಕೇತಗಳು ಲಯ ತಪ್ಪಿ ಒಂದೇ ತಾಳದಲ್ಲಿ ಬಡಿದುಕೊಳ್ಳುವುದರಿಂದ ಕೈ ನಡುಗುತ್ತದೆಂದು ಈಗ ತಿಳಿದಿದೆ. ಅದಕ್ಕೆಂದೇ ಹುಟ್ಟಿದ ಮಾತ್ರೆ ಇನ್ನೂ ಬಂದಿಲ್ಲ. ಹೃದಯದ ತೊಂದರೆಗೆ ಬಂದ ಪ್ರೊಪ್ರನಲಾಲ್, ಅಪಸ್ಮಾರಕ್ಕೆ ಬಂದ ಪ್ರಿಮಿಡೋನ್, ಇವೆರಡೇ ಇಂದಿಗೂ ಮೊದಲ ಆಸರೆ. ಸುಮಾರು ಅರ್ಧದಷ್ಟು ರೋಗಿಗಳಿಗೆ ಅವು ಉಪಯೋಗವಾಗುತ್ತವೆ. ಉಬ್ಬಸವಿರುವವರಿಗೆ ಪ್ರೊಪ್ರನಲಾಲ್ ಒಗ್ಗದು.

ಈ ರೋಗಕ್ಕೂ ನಮ್ಮ ವ್ರತಕ್ಕೂ ನೇರವಾಗಿ ಮುಖಾಮುಖಿಯಾಗುವ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಈ ರೋಗವಿರುವ ಅನೇಕರಲ್ಲಿ ಸ್ವಲ್ಪ ಮದ್ಯ ಸೇವಿಸಿದರೆ ನಡುಕ ಕೆಲವು ಗಂಟೆ ತಗ್ಗುತ್ತದೆ. ಇದು ವೈದ್ಯಶಾಸ್ತ್ರವು ಒಪ್ಪಿದ ಮಾತು. ಅಣ್ಣನ ಮಗಳ ಮದುವೆಗೆ ಮುಂಚೆ ಒಬ್ಬ ವೈದ್ಯರು ‘ಧಾರೆಯ ದಿನ ಒಂದು ಗುಟುಕು ತೆಗೆದುಕೊಳ್ಳಿ, ಔಷಧವೆಂದೇ ತಿಳಿಯಿರಿ’ ಎಂದಿದ್ದರು. ಅಣ್ಣ ಒಪ್ಪಲಿಲ್ಲ. ಧಾರೆಯ ನೀರು ಅತ್ತಿತ್ತ ಚೆಲ್ಲಿತು, ಮದುವೆ ನಿಲ್ಲಲಿಲ್ಲ. ವ್ರತದ ಮಾತು ಹಾಗಿರಲಿ, ವೈದ್ಯದ ದೃಷ್ಟಿಯಿಂದಲೂ ಆ ನಿರಾಕರಣೆ ಸರಿಯೆ. ಮದ್ಯದ ಅಮಲಿಳಿದ ಮೇಲೆ ನಡುಕ ಮೊದಲಿಗಿಂತ ಹೆಚ್ಚಾಗಿ ಮರಳುವುದುಂಟು. ಅದನ್ನು ಅಡಗಿಸಲು ಮತ್ತೆ ಕುಡಿಯುವ ಚಟ ಅಂಟುವುದುಂಟು. ಅಮೆರಿಕದ ಸಂಶೋಧಕರು ಮದ್ಯಸಾರದ ಕುಲಕ್ಕೇ ಸೇರಿದ, ಆದರೆ ಅಮಲೇರಿಸದ 1-ಆಕ್ಟನಾಲ್ ಎಂಬ ದ್ರವ್ಯವೂ ನಡುಕವನ್ನು ತಗ್ಗಿಸಬಲ್ಲದೆಂದು 2004ರಲ್ಲಿ ವರದಿ ಮಾಡಿದರು. ಅದು ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಆದರೂ ಶಮನಕ್ಕೆ ಅಮಲು ಅನಿವಾರ್ಯವಲ್ಲ ಎಂಬುದನ್ನು ಅದು ಸೂಚಿಸುತ್ತದೆ. ಇಂತಹ ಹುಡುಕಾಟ ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನಮುನಿ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕ ಎಂಬ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆಯನ್ನು ನಿರೂಪಿಸಿದರು. ರೋಗವನ್ನು ನಿರ್ಲಕ್ಷಿಸದೆ, ವ್ರತವನ್ನೂ ಬಿಡದೆ ಮೂರನೆಯ ದಾರಿಯನ್ನು ಹುಡುಕುವುದು ಅವರು ಹಾಕಿಕೊಟ್ಟ ಮೇಲ್ಪಂಕ್ತಿ.

ಮಾತ್ರೆಗಳು ಸೋತಾಗ ಅಣ್ಣನ ಮುಂದೆ ಶಸ್ತ್ರಚಿಕಿತ್ಸೆಯ ಪ್ರಶ್ನೆ ಬಂದಿತು. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಶಸ್ತ್ರವೈದ್ಯ ಅಲಿಮ್ ಲೂಯಿ ಬೆನಾಬಿದ್ 1987ರಲ್ಲಿ ಇದರ ಇಂದಿನ ರೂಪಕ್ಕೆ ನಾಂದಿ ಹಾಡಿದರು. ಅಲ್ಲಿಯವರೆಗೆ ನಡುಕ ನಿಲ್ಲಿಸಲು ಥಲಾಮಸಿನ ಒಂದು ಚುಕ್ಕೆಯಷ್ಟು ಭಾಗವನ್ನು ಸುಡುತ್ತಿದ್ದರು. ಸುಡುವ ಮೊದಲು ಸ್ಥಾನ ಸರಿಯೇ ಎಂದು ನೋಡಲು ಸಣ್ಣ ವಿದ್ಯುತ್ತನ್ನು ಹರಿಸುವುದು ವಾಡಿಕೆ. ಸೆಕೆಂಡಿಗೆ ನೂರರಷ್ಟು ವೇಗದ ಮಿಡಿತದಲ್ಲಿ ಹರಿಸಿದಾಗ ನಡುಕ ತಾನಾಗಿ ನಿಲ್ಲುವುದನ್ನು ಬೆನಾಬಿದ್ ಗಮನಿಸಿದರು. ಹಾಗಾದರೆ ಸುಡುವುದೇಕೆ? ಸಣ್ಣ ತಂತಿಯನ್ನು ಅಲ್ಲೇ ಇರಿಸಿ, ಎದೆಯ ಚರ್ಮದಡಿ ಹೃದಯದ ಪೇಸ್‌ಮೇಕರಿನಂತಹ ಯಂತ್ರವಿಟ್ಟು ಸದಾ ಮಿಡಿತ ಕಳುಹಿಸಬಹುದಲ್ಲವೆ? ಇದೇ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಅಮೆರಿಕದಲ್ಲಿ ಇದಕ್ಕೆ ನಡುಕದ ಚಿಕಿತ್ಸೆಯಾಗಿ 1997ರಲ್ಲಿ, ಪಾರ್ಕಿನ್ಸನ್ ಕಾಯಿಲೆಯ ಇತರ ಲಕ್ಷಣಗಳಿಗೂ ಸಲ್ಲುವಂತೆ 2002ರಲ್ಲಿ ಅನುಮತಿ ದೊರೆಯಿತು. ತಲೆಬುರುಡೆಯನ್ನು ತೆರೆಯದೆಯೇ, ಸಾವಿರಕ್ಕೂ ಹೆಚ್ಚು ಶ್ರವಣಾತೀತ ಧ್ವನಿಕಿರಣಗಳನ್ನು ಎಂ.ಆರ್.ಐ. ಯಂತ್ರದ ಸಹಾಯದಿಂದ ಒಂದೇ ಬಿಂದುವಿಗೆ ಕೂಡಿಸಿ ಶಾಖದಿಂದ ಆ ಚುಕ್ಕೆಯನ್ನು ನಿಷ್ಕ್ರಿಯಗೊಳಿಸುವ ವಿಧಾನಕ್ಕೆ 2016ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿ ತಂತಿಯಿಲ್ಲ, ಯಂತ್ರವಿಲ್ಲ. ಆದರೆ ಆದದ್ದನ್ನು ಹಿಂದಕ್ಕೆ ತರಲಾಗದು, ಕೆಲವರಿಗೆ ಜೋಮು ಅಥವಾ ನಡಿಗೆಯ ಅಸಮತೋಲ ಉಳಿಯುತ್ತದೆ. ರೋಗಿಯ ಮಿದುಳಿನ ಸಂಕೇತವನ್ನು ತಾನೇ ಆಲಿಸಿ ಮಿಡಿತವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ಯಂತ್ರಕ್ಕೆ ಪಾರ್ಕಿನ್ಸನ್ ರೋಗಿಗಳಿಗಾಗಿ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ. ಈ ಯಾವುದೂ ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಲಕ್ಷಣವನ್ನು ತಗ್ಗಿಸುತ್ತದೆ. ವೆಚ್ಚವೂ ಹಲವು ಲಕ್ಷ ರೂಪಾಯಿಗಳದು.

ಅಣ್ಣ ಖರ್ಚಿನ ಲೆಕ್ಕವನ್ನು ಕೇಳುವ ಮೊದಲು ಬೇರೊಂದು ಲೆಕ್ಕವನ್ನು ಕೇಳಿದ: ‘ಇದನ್ನು ಯಾವ ಯಾವ ಜೀವಗಳ ಮೇಲೆ ನೋಡಿ ಕಲಿತರು?’ ಉತ್ತರ ಸುಲಭವಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆಯ ಮಾದಕದ್ರವ್ಯವನ್ನು ಚುಚ್ಚಿಕೊಂಡ ಕೆಲವು ತರುಣರು ಇದ್ದಕ್ಕಿದ್ದಂತೆ ಮುದಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿದರು. ಡಾ. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಅವರ ಸಂಗಡಿಗರು ಅದರಲ್ಲಿದ್ದ ಎಂ.ಪಿ.ಟಿ.ಪಿ. ಎಂಬ ವಿಷವನ್ನು ಗುರುತಿಸಿದರು. ಅನಂತರ ಅದೇ ವಿಷವನ್ನು ಪ್ರಯೋಗಾಲಯಗಳಲ್ಲಿ ಕೋತಿಗಳಿಗೆ ಕೊಡಲಾಯಿತು. ಅಂತಹ ಕೋತಿಗಳಲ್ಲಿ ಮಿದುಳಿನ ಸಬ್‌ಥಲಾಮಿಕ್ ಎಂಬ ಭಾಗವನ್ನು ನಿಷ್ಕ್ರಿಯಗೊಳಿಸಿದರೆ ಚಲನೆ ಮರಳುವುದೆಂದು 1990ರಲ್ಲಿ ಮಾಲನ್ ಡಿಲಾಂಗ್ ಅವರ ತಂಡ ತೋರಿಸಿತು; ಪಾರ್ಕಿನ್ಸನ್ ರೋಗಿಗಳಿಗೆ ತಂತಿ ಎಲ್ಲಿಡಬೇಕೆಂಬುದು ತಿಳಿದದ್ದು ಹಾಗೆ. ಅಣ್ಣನಿಗೆ ಬೇಕಾದ ಥಲಾಮಸಿನ ಸ್ಥಾನ ಮನುಷ್ಯರ ಶಸ್ತ್ರಚಿಕಿತ್ಸೆಯಿಂದಲೇ ತಿಳಿದದ್ದು ನಿಜ. ಅದನ್ನು ಹೇಳಿದಾಗ ಆತ ನಕ್ಕ. ‘ತಂತಿ ಸುರಕ್ಷಿತವೆಂದು ಮೊದಲು ನೋಡಿದ್ದು ಮನುಷ್ಯನಲ್ಲೇ ಏನು? ಮಾತ್ರೆಯನ್ನು ಮೊದಲು ನುಂಗಿದ್ದು ಯಾರು? ಸಮಾಧಾನಕ್ಕಾಗಿ ಲೆಕ್ಕ ತಿದ್ದಬೇಡ’ ಎಂದ.

ಇಲ್ಲಿ ಶಾಸ್ತ್ರದ ವಿವೇಚನೆ ನಮಗೆ ದಾರಿ ತೋರುತ್ತದೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ಹೇಳಿ, ಸಂಕಲ್ಪೀ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕೆಂದೂ ಉಳಿದವನ್ನು ಯತ್ನಾಚಾರದಿಂದ ಕುಗ್ಗಿಸಬೇಕೆಂದೂ ಆಚಾರ್ಯರು ವಿಧಿಸಿದ್ದಾರೆ. ಹಿಂಸೆಗೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳೆಂದೂ ಹೇಳಿದ್ದಾರೆ. ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಮೊಲಕ್ಕಾಗಲಿ, ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಕೋತಿಗಾಗಲಿ ನೋವು ಕೊಟ್ಟವನು ಇಂದಿನ ರೋಗಿಯಲ್ಲ, ಕೊಡಿಸಿದವನೂ ಅಲ್ಲ. ಉಳಿಯುವುದು ಅನುಮೋದನೆಯ ಬಾಗಿಲು. ಫಲವನ್ನು ಪಡೆಯುವುದೇ ಅನುಮೋದನೆಯಾಗುವುದೆ? ನನ್ನ ಅಲ್ಪಮತಿಗೆ ತೋರುವಂತೆ, ‘ಆದದ್ದು ಒಳ್ಳೆಯದಾಯಿತು, ಇನ್ನೂ ಆಗಲಿ’ ಎಂಬ ಭಾವವೇ ಅನುಮೋದನೆ. ‘ಆ ಜೀವಗಳ ಋಣ ನನ್ನ ಮೇಲಿದೆ, ಮುಂದೆ ಅದು ಬೆಳೆಯದಿರಲಿ’ ಎಂಬ ಭಾವ ಅನುಮೋದನೆಯಲ್ಲ. ಆದರೆ ಎರಡನೆಯ ಭಾವ ಬಾಯಿಮಾತಾದರೆ ಅದು ಮೊದಲನೆಯದೇ ಆಗಿಬಿಡುತ್ತದೆ. ಋಣವನ್ನು ಒಪ್ಪಿದವನು ಏನನ್ನಾದರೂ ತೀರಿಸಬೇಕು. ಮಹಾವ್ರತಿಗಳ ದಾರಿ ಇದಕ್ಕಿಂತ ಕಠಿಣವಾದದ್ದು. ಅದರ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ.

ತೀರಿಸುವ ದಾರಿಯೂ ಈ ರೋಗದ ಚರಿತ್ರೆಯಲ್ಲೇ ಇದೆ. ಡೋಪಮೈನಿನ ಕೊರತೆಯನ್ನು ಕಟ್ಟಕಡೆಗೆ ಸಿದ್ಧಪಡಿಸಿದ್ದು ಮೃತ ಮನುಷ್ಯರ ಮಿದುಳು ಎಂಬುದನ್ನು ಮೇಲೆ ನೋಡಿದೆವು. ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಕಿರುಮೆದುಳಿನ ಪರ್ಕಿಂಜೆ ಕೋಶಗಳಲ್ಲಿ ಕಾಣುವ ಬದಲಾವಣೆಗಳನ್ನೂ ದಾನವಾಗಿ ಬಂದ ಮಿದುಳುಗಳಿಂದಲೇ ಕಂಡುಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಿದುಳು ಬ್ಯಾಂಕು ಆರಂಭವಾಯಿತು. ಸಂಶೋಧನೆಗಾಗಿ ಮರಣಾನಂತರದ ಮಿದುಳು ದಾನವನ್ನು ಅಲ್ಲಿ ಸ್ವೀಕರಿಸುತ್ತಾರೆ. ರೋಗಿಯ ಚರ್ಮದ ಅಥವಾ ರಕ್ತದ ಕೋಶಗಳಿಂದಲೇ ನರಕೋಶಗಳನ್ನು ಬೆಳೆಸಿ ಔಷಧ ಪರೀಕ್ಷಿಸುವ ವಿದ್ಯೆಯೂ ಬೆಳೆದಿದೆ. ಹೊಸ ಔಷಧಗಳಿಗೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ನಿಯಮವನ್ನು ಅಮೆರಿಕ 2022ರ ಕೊನೆಯಲ್ಲಿ ಸಡಿಲಿಸಿತು. ಭಾರತ ಸರಕಾರವೂ 2023ರಲ್ಲಿ ನಿಯಮ ತಿದ್ದಿ ಪ್ರಾಣಿಗಳಿಲ್ಲದ ವಿಧಾನಗಳಿಗೆ ಅವಕಾಶ ಕೊಟ್ಟಿದೆ. ಜೀವವು ದೇಹವನ್ನು ಬಿಟ್ಟ ಮೇಲೆ ಉಳಿಯುವುದು ಪುದ್ಗಲವೆಂದು ನಾವು ನಿತ್ಯ ಸ್ವಾಧ್ಯಾಯದಲ್ಲಿ ಓದುತ್ತೇವೆ. ಆ ಪುದ್ಗಲವನ್ನು ಕೊಟ್ಟರೆ ಮುಂದೊಬ್ಬ ರೋಗಿಗೆ ಔಷಧದಾನ. ಪ್ರಯೋಗಶಾಲೆಯ ಒಂದು ಪ್ರಾಣಿಯಾದರೂ ಉಳಿದರೆ ಅಭಯದಾನ. ನಾಲ್ಕು ದಾನಗಳಲ್ಲಿ ಎರಡು ಒಂದೇ ಕೈಯಿಂದ ಆಗುತ್ತವೆ. ಅಣ್ಣ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮಿದುಳು ದಾನದ ಪತ್ರಕ್ಕೆ ಸಹಿ ಹಾಕಿದ. ಆ ಸಹಿಯೂ ಅಂಕುಡೊಂಕಾಗಿಯೇ ಇತ್ತು.

ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷಗಳಾದವು. ರೋಗಿ ಎಚ್ಚರವಿರುವಾಗಲೇ ತಂತಿಯನ್ನು ಇಳಿಸಿ, ಕೈಗೆ ಕಾಗದ ಕೊಟ್ಟು ಸುರುಳಿ ಬರೆಯಲು ಹೇಳುತ್ತಾರೆ. ಗರಗಸದ ಹಲ್ಲಿನಂತಿದ್ದ ಸುರುಳಿ ವಿದ್ಯುತ್ತು ಹರಿದ ಕ್ಷಣ ನುಣುಪಾಯಿತಂತೆ. ಬೋಳಿಸಿದ ತಲೆಯನ್ನು ಸವರಿಕೊಂಡು ‘ದೀಕ್ಷೆಯಿಲ್ಲದೆ ಲೋಚವಾಯಿತು’ ಎಂದು ಆತ ನಗಿಸಿದ. ನಡುಕ ಪೂರ್ತಿ ಹೋಗಿಲ್ಲ, ಮಾತು ಸ್ವಲ್ಪ ತೊದಲುತ್ತದೆ. ಆದರೆ ಲೋಟದ ನೀರು ಚೆಲ್ಲುವುದಿಲ್ಲ.

ರೋಗಿಗೆ ‘ಎಲ್ಲ ಪೂರ್ವಾರ್ಜಿತ ಕರ್ಮ’ ಎಂದು ಹೇಳಿ ಸುಮ್ಮನಾಗುವವರಿಗೆ ಎರಡು ಮಾತು. ಅಸಾತಾ ವೇದನೀಯ ಕರ್ಮದ ಉದಯದಿಂದ ವೇದನೆ ಎಂಬುದು ಸಿದ್ಧಾಂತ. ಆದರೆ ಆ ಸಿದ್ಧಾಂತ ನಮ್ಮ ನಮ್ಮ ಆತ್ಮಚಿಂತನೆಗಾಗಿ ಇರುವುದು, ಪರರ ನೋವನ್ನು ಅಳೆಯುವ ತಕ್ಕಡಿಯಾಗಿ ಅಲ್ಲ. ಕರ್ಮೋದಯಕ್ಕೆ ಬಾಹ್ಯ ನಿಮಿತ್ತಗಳೂ ಬೇಕು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಪ್ಯಾರಾಕ್ವಾಟ್ ಎಂಬ ಕಳೆನಾಶಕ ಅಥವಾ ರೋಟೆನೋನ್ ಎಂಬ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಕಾಯಿಲೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡುಬಂದಿತು. ಕ್ಷುದ್ರ ಜೀವಿಗಳಿಗೆಂದು ಎರಚಿದ ವಿಷ ಎರಚಿದವನ ಮಿದುಳನ್ನೂ ಮುಟ್ಟುತ್ತಿರಬಹುದು. ಇಂತಹ ನಿಮಿತ್ತವನ್ನು ದೂರ ಮಾಡುವುದು ಕರ್ಮಸಿದ್ಧಾಂತಕ್ಕೆ ವಿರುದ್ಧವಲ್ಲ. ಭಸ್ಮಕ ರೋಗದಿಂದ ಬಳಲಿದ ಸಮಂತಭದ್ರಸ್ವಾಮಿಗಳು ಸಲ್ಲೇಖನೆಯನ್ನು ಬೇಡಿದಾಗ, ಇವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆಯೆಂದು ತಿಳಿದ ಗುರುಗಳು ಮೊದಲು ರೋಗಶಮನ ಮಾಡಿಕೊಳ್ಳಲು ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ಚಿಕಿತ್ಸೆ ಹೇಡಿತನವಲ್ಲ.

ವ್ರತನಿಷ್ಠ ಕುಟುಂಬಗಳು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಲೀವೊಡೋಪಾವನ್ನು ದಿನಕ್ಕೆ ಹಲವು ಸಲ ನಿಗದಿತ ಸಮಯಕ್ಕೆ ಸೇವಿಸಬೇಕಾಗುತ್ತದೆ. ಬೇಳೆ, ಹಾಲಿನಂತಹ ಸಸಾರಜನಕ ಹೆಚ್ಚಿರುವ ಆಹಾರದ ಜೊತೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳುವುದು ಸಾಮಾನ್ಯ ಸಲಹೆ. ದಶಲಕ್ಷಣ ಪರ್ವದಲ್ಲಿ ಉಪವಾಸವೆಂದು ಅದನ್ನು ಥಟ್ಟನೆ ನಿಲ್ಲಿಸಿದರೆ ತೀವ್ರ ಜ್ವರ, ಅಂಗಾಂಗಗಳ ಬಿಗಿತ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಪ್ರೊಪ್ರನಲಾಲನ್ನೂ ಹಠಾತ್ತಾಗಿ ಬಿಡಬಾರದು. ರಾತ್ರಿಭೋಜನ ತ್ಯಾಗವಿರುವವರು ಮಾತ್ರೆಯ ವೇಳೆಯನ್ನು ಸೂರ್ಯಾಸ್ತಕ್ಕೆ ಮುಂಚೆ ಹೇಗೆ ಹೊಂದಿಸಬಹುದೆಂದು ವೈದ್ಯರನ್ನು ಮೊದಲೇ ಕೇಳಬೇಕು. ನೇಮವನ್ನು ಮುಚ್ಚಿಟ್ಟು ಮಾತ್ರೆ ತಪ್ಪಿಸುವುದು ತಪಸ್ಸಲ್ಲ. ನಿಂತು, ದಿನಕ್ಕೊಮ್ಮೆ, ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುವ ಮುನಿವರ್ಯರಿಗೆ ಕೈನಡುಕ ಬಂದರೆ ಅಂಜಲಿಯೇ ಅಲುಗುತ್ತದೆ. ಅವರ ನಿರ್ಣಯ ಅವರದು. ಚೌಕದಲ್ಲಿ ನಿಂತ ಶ್ರಾವಕರು ಅವಸರಪಡದೆ, ತುತ್ತನ್ನು ಚಿಕ್ಕದಾಗಿಸಿ, ಮೌನವಾಗಿ ಕಾಯುವುದು ವೈಯಾವೃತ್ಯವೇ ಆಗಿದೆ.

ಬಸದಿಗಳ ವಿಶ್ವಸ್ಥ ಮಂಡಳಿಗಳಲ್ಲಿ ವಿನಂತಿ ಇಷ್ಟೆ. ಅಭಿಷೇಕಕ್ಕೆ ಒಂದೆರಡು ಚಿಕ್ಕ ಕಲಶಗಳನ್ನೂ ಎರಡು ಹಿಡಿಯ ಕಲಶವೊಂದನ್ನೂ ಇಡಿ. ನಡುಗುವ ಕೈಯ ಕೆಳಗೆ ಒಬ್ಬ ತರುಣ ತನ್ನ ಕೈ ಕೊಡುವ ಪದ್ಧತಿಯನ್ನು ಬೆಳೆಸಿ. ಸಾಮೂಹಿಕ ಭೋಜನದಲ್ಲಿ ಅಗಲ ಬಾಯಿಯ ಲೋಟವನ್ನು ಅರ್ಧ ಮಾತ್ರ ತುಂಬಿ ಕೊಡಿ, ಚಮಚ ಕೊಡಿ. ಔಷಧದಾನದ ನಿಧಿಯಿದ್ದರೆ ಬಡ ರೋಗಿಗಳ ಮಾತ್ರೆಯ ವೆಚ್ಚವನ್ನು ಅದರಲ್ಲಿ ಸೇರಿಸಿ. ವರ್ಷಕ್ಕೊಮ್ಮೆ ನರರೋಗ ತಜ್ಞರನ್ನು ಕರೆಸಿ. ಮಿದುಳು ದಾನದ ಅರ್ಜಿಗಳನ್ನೂ ಆ ದಿನ ಇಡಿ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ರೋಗಿಯನ್ನು ಕಂಡು ಹೇಸದಿರುವುದು ನಿರ್ವಿಚಿಕಿತ್ಸೆ. ರೋಗಿಯಾದ ಮುನಿಯ ವೇಷದಲ್ಲಿ ಬಂದ ದೇವನನ್ನು ಸೇವಿಸಿದ ಉದ್ದಾಯನ ಮಹಾರಾಜನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಎಂಟರಲ್ಲೇ ಇನ್ನೊಂದು ಅಂಗವಿದೆ, ಸ್ಥಿತಿಕರಣ. ಜಾರುವವನನ್ನು ಧರ್ಮದಲ್ಲಿ ನೆಲೆನಿಲ್ಲಿಸುವುದು ಅದರ ಅರ್ಥ. ಕೈಯನ್ನು ನಿಲ್ಲಿಸುವ ಕೆಲಸ ವೈದ್ಯರದು, ಅದರಲ್ಲಿ ಅವರು ಅಷ್ಟಿಷ್ಟು ಗೆದ್ದಿದ್ದಾರೆ. ಆ ಕೈಯವನು ಬಸದಿಯಿಂದ ದೂರ ಸರಿಯದಂತೆ ನಿಲ್ಲಿಸುವ ಕೆಲಸ ನಮ್ಮದು. ಅದಕ್ಕೆ ಯಂತ್ರ ಬೇಕಿಲ್ಲ, ಹಣ ಬೇಕಿಲ್ಲ. ಹಿಂದೆ ನಿಂತವರು ಪಿಸುಮಾತು ನಿಲ್ಲಿಸಿದರೆ ಅರ್ಧ ಕೆಲಸವಾದಂತೆ.